ಸಂಖ್ಯೆ ಕನ್ನಡದಲ್ಲಿ, ಮಾತು ಬೇರೆ ಭಾಷೆಯಲ್ಲಿ

ಐನೂರು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಒಂದು ಸಣ್ಣ ಪಟ್ಟಿ ಇದೆ. ಅದರಲ್ಲಿ ಹದಿನೈದು ಭಾಷೆಗಳು ಒಂದರ ಕೆಳಗೊಂದು ಸಾಲಾಗಿ ನಿಂತಿವೆ. ಕನ್ನಡ ಮೇಲಿನಿಂದ ನಾಲ್ಕನೆಯದು. ನಮ್ಮ ಲಿಪಿಯನ್ನು ಅಲ್ಲಿ ಕಂಡಾಗ ಆಗುವ ಸಣ್ಣ ಖುಷಿಯಲ್ಲಿ, ಅಲ್ಲಿ ಏನು ಬರೆದಿದೆ ಎಂಬುದನ್ನು ನಾವು ಗಮನಿಸುವುದೇ ಇಲ್ಲ. ಬರೆದಿರುವುದು ಮೊತ್ತ ಮಾತ್ರ. ನೋಟಿನ ಮುಖ್ಯ ವಾಕ್ಯ, ಅಂದರೆ ಇದನ್ನು ತಂದವರಿಗೆ ಇಷ್ಟು ಹಣ ಸಲ್ಲಿಸುತ್ತೇನೆಂದು ರಿಸರ್ವ್ ಬ್ಯಾಂಕಿನ ಗವರ್ನರು ಕೊಡುವ ಮಾತು, ಮುಂಬದಿಯಲ್ಲಿ ಇದೆ. ಅದು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇದೆ. ಹಿಂದಿಯಲ್ಲಿ ಅಲ್ಲಿ ಬಳಸಿರುವ ಪದ 'ವಚನ'. ಆ ಪದಕ್ಕೆ ಒಂದು ಇಡೀ ಸಾಹಿತ್ಯವನ್ನು ಕಟ್ಟಿಕೊಟ್ಟ ಭಾಷೆಯ ಪಾಲಿಗೆ ಬಂದದ್ದು ಅಂಕಿ.

ಇದನ್ನು ಭಾಷಾಭಿಮಾನದ ದೂರಾಗಿ ಹೇಳುತ್ತಿಲ್ಲ. ಹದಿನೈದೂ ಭಾಷೆಗಳಲ್ಲಿ ಆ ವಾಕ್ಯವನ್ನು ಅಚ್ಚು ಹಾಕಿದರೆ ನೋಟು ಪಂಚಾಂಗದಷ್ಟು ದೊಡ್ಡದಾಗುತ್ತದೆ. ನನ್ನ ಕುತೂಹಲ ಬೇರೆ. ನೋಟು ಒಂದು ಪಠ್ಯ. ನಾವು ದಿನವೂ ಮುಟ್ಟುವ, ಆದರೆ ಎಂದೂ ಓದದ ಗದ್ಯ. ಅದಕ್ಕೆ ಒಬ್ಬ ಕರ್ತೃ ಇದ್ದಾನೆ, ಸಹಿ ಇದೆ, ಒಂದು ಕ್ರಿಯಾಪದ ಇದೆ. ಎಲ್ಲ ಸರಿಯಿದ್ದಾಗ ಅದನ್ನು ಯಾರೂ ಓದುವುದಿಲ್ಲ, ಬಣ್ಣ ನೋಡಿ ಎಣಿಸುತ್ತಾರೆ. ಯುದ್ಧ, ದಂಗೆ, ಸರ್ಕಾರಗಳ ಪತನ ಇಂಥ ಹೊತ್ತಿನಲ್ಲಿ ಮಾತ್ರ ಜನ ನೋಟನ್ನು ತಿರುಗಿಸಿ ಮುರುಗಿಸಿ ಓದತೊಡಗುತ್ತಾರೆ. ಯಾರು ಮಾತು ಕೊಟ್ಟದ್ದು? ಯಾರಿಗೆ? ಯಾವ ಭಾಷೆಯಲ್ಲಿ? ಸಾಹಿತ್ಯ ವಿಮರ್ಶೆ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಇವೇ. ಆದರೆ ತುರ್ತುಕಾಲದ ನೋಟುಗಳ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಸಂಗ್ರಾಹಕರು. ಅವರಿಗೆ ಬೇಕಿರುವುದು ಅಪರೂಪ, ಅಚ್ಚಿನ ದೋಷ, ಮಡಿಕೆ ಬೀಳದ ಅಂಚು. ಓದು ಅವರ ಕೆಲಸವಲ್ಲ. ಸಾಹಿತ್ಯದವರು ಇದು ಅರ್ಥಶಾಸ್ತ್ರದವರ ಪಾಡು ಎಂದು ಬಿಟ್ಟಿದ್ದಾರೆ.

ಕನ್ನಡ ನಾಡಿನಲ್ಲೇ ಇಂಥ ಓದಿಗೆ ಸಿಗುವ ಒಳ್ಳೆಯ ಪಠ್ಯ ಹೈದರಾಬಾದ್ ಸಂಸ್ಥಾನದ ನೋಟು. ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಆ ಸಂಸ್ಥಾನದಲ್ಲಿದ್ದವು. ಇಂದಿನ ಯಾದಗಿರಿ, ಕೊಪ್ಪಳ ಕೂಡ ಅವುಗಳ ಒಳಗೇ ಸೇರಿದ್ದವು. ಅಲ್ಲಿ ಬ್ರಿಟಿಷ್ ರೂಪಾಯಿಯ ಪಕ್ಕದಲ್ಲಿ ನಿಜಾಮರದೇ ಆದ ರೂಪಾಯಿ ನಡೆಯುತ್ತಿತ್ತು, ಅಧಿಕೃತವಾಗಿ ಅದು ಉಸ್ಮಾನಿಯಾ ಸಿಕ್ಕಾ. ಜನ ಹಾಗೆ ಕರೆಯಲಿಲ್ಲ. ನಿಜಾಮರದ್ದು 'ಹಾಲಿ', ಬ್ರಿಟಿಷರದ್ದು 'ಕಲ್ದಾರ್'. ಕಲ್ ಎಂದರೆ ಯಂತ್ರ, ಯಂತ್ರದಲ್ಲಿ ಹೊಡೆದ ರೂಪಾಯಿ ಕಲ್ದಾರ್. ಹಾಲಿ ಎಂದರೆ ಸದ್ಯ ಇರುವುದು, ನಮ್ಮ ಪತ್ರಿಕೆಗಳು ದಿನವೂ ಬರೆಯುವ 'ಹಾಲಿ ಶಾಸಕ, ಮಾಜಿ ಶಾಸಕ'ದಲ್ಲಿರುವ ಅದೇ ಹಾಲಿ. ಏಳು ಹಾಲಿಗೆ ಆರು ಕಲ್ದಾರ್ ಎಂಬುದು ಸ್ಥೂಲ ಲೆಕ್ಕ. ಖಜಾನೆಯ ಲೆಕ್ಕದಲ್ಲಿ ನೂರು ಕಲ್ದಾರಿಗೆ 116 ಹಾಲಿ ರೂಪಾಯಿ, 10 ಆಣೆ, 8 ಪೈ. ಗಡಿಯ ಸಂತೆಗೆ ಹೋಗುವ ರೈತ ಈ ಭಿನ್ನರಾಶಿಯನ್ನು ತಲೆಯಲ್ಲೇ ಇಟ್ಟುಕೊಂಡು ವ್ಯಾಪಾರ ಮಾಡಬೇಕಿತ್ತು.

ಈ ಸಿಕ್ಕಾ ಬಹುಕಾಲ ಲೋಹದ್ದಾಗಿತ್ತು. ಕಾಗದಕ್ಕೆ ಇಳಿದದ್ದು 1918ರಲ್ಲಿ, ಮೊದಲ ಮಹಾಯುದ್ಧದ ಕೊನೆಗೆ. ಬೆಳ್ಳಿಯ ಬೆಲೆ ಏರಿತ್ತು. ರೂಪಾಯಿಯನ್ನು ಕರಗಿಸಿದರೆ ರೂಪಾಯಿಗಿಂತ ಹೆಚ್ಚು ಸಿಗುವ ಪರಿಸ್ಥಿತಿ ಬಂದಿತ್ತು. ಬ್ರಿಟಿಷ್ ಇಂಡಿಯಾದ್ದೂ ಅದೇ ಕತೆ. 1917ರ ಕೊನೆಗೆ ಒಂದು ರೂಪಾಯಿಯ ನೋಟು ಬಂತು, ಮರುವರ್ಷ ಎರಡೂವರೆ ರೂಪಾಯಿಯದೊಂದು ವಿಚಿತ್ರ ನೋಟು. ಜನ ನಂಬಲಿಲ್ಲ. ಕಾಗದ ಕೊಟ್ಟು ಬೆಳ್ಳಿ ಕೇಳಲು ಖಜಾನೆಗಳ ಮುಂದೆ ನಿಂತರು. ಅಮೆರಿಕ 1918ರಲ್ಲಿ ಒಂದು ಕಾನೂನನ್ನೇ ಮಾಡಿ, ತನ್ನ ಬೆಳ್ಳಿ ಡಾಲರುಗಳನ್ನು ಕರಗಿಸಿ ಇಲ್ಲಿಗೆ ಬೆಳ್ಳಿ ಕಳಿಸಬೇಕಾಯಿತು. ಹಳ್ಳಿಯವರಿಗೆ ನೋಟಿನ ವಾಕ್ಯ ಓದಲು ಬರುತ್ತಿರಲಿಲ್ಲ ನಿಜ, ಅದರ ಅರ್ಥವನ್ನು ಮಾತ್ರ ಅವರು ಸರಿಯಾಗಿಯೇ ಹಿಡಿದಿದ್ದರು: ಕೊಡುತ್ತೇನೆಂದಿದ್ದೀಯಲ್ಲ, ಕೊಡು.

ನಿಜಾಮರ ಸರ್ಕಾರವೂ ಅದೇ ಒತ್ತಡದಲ್ಲಿ ಕಾಗದದ ನಾಣ್ಯದ ಕಾನೂನು ಮಾಡಿ ನೋಟು ತಂದಿತು. ಆ ನೋಟಿನ ರಚನೆಯನ್ನು ನೋಡಿ. ನಡುವಿನ ಜಾಗ, ದೊಡ್ಡ ಅಕ್ಷರ, ಸರ್ಕಾರದ ಹೆಸರು ಎಲ್ಲ ಉರ್ದುವಿನಲ್ಲಿ. ಮೊತ್ತ ಮಾತ್ರ ಇಂಗ್ಲಿಷ್, ತೆಲುಗು, ಮರಾಠಿ, ಕನ್ನಡಗಳಲ್ಲಿಯೂ ಇದೆ. ಆಳುವವರ ಭಾಷೆಗೆ ವಾಕ್ಯ, ಪ್ರಜೆಗಳ ಭಾಷೆಗೆ ಸಂಖ್ಯೆ. ಇಂದಿನ ನೋಟಿನಲ್ಲಿ ಹಿಂದಿ ಇಂಗ್ಲಿಷುಗಳು ಕೂತಿರುವ ಜಾಗದಲ್ಲಿ ಅಂದು ಉರ್ದು ಕೂತಿತ್ತು, ಕನ್ನಡದ ಜಾಗ ಬದಲಾಗಿಲ್ಲ. ಕಲ್ಯಾಣವೂ ಅದೇ ಬೀದರ್ ಜಿಲ್ಲೆಯ ಊರು ಎಂಬುದನ್ನು ನೆನೆದರೆ ಇದು ಇನ್ನಷ್ಟು ಚುಚ್ಚುತ್ತದೆ. ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದವನು ವಚನಕಾರನಾದ ಊರು ಅದು. ಭಂಡಾರದ ಹಣವನ್ನು ಜಂಗಮರಿಗೆ ಚೆಲ್ಲಿದ ಎಂಬ ಅಪವಾದವನ್ನು ಬಸವಣ್ಣನ ಕತೆ ಹೇಳುವ ಎಲ್ಲರೂ ಹೇಳುತ್ತಾರೆ. ಹಣದ ಲೆಕ್ಕಕ್ಕೂ ಮಾತಿನ ಲೆಕ್ಕಕ್ಕೂ ಇರುವ ಸಂಬಂಧ ಅಲ್ಲಿ ಆಗಲೇ ಒಂದು ಕ್ರಾಂತಿಯ ವಿಷಯವಾಗಿತ್ತು.

ಈ ನೋಟುಗಳ ಬಗ್ಗೆ ಒಂದು ಸಮುದ್ರದ ಕತೆಯಿದೆ, ಬಿಡಲಾರೆ. 1922ರ ಮೇ ತಿಂಗಳಲ್ಲಿ 'ಈಜಿಪ್ಟ್' ಎಂಬ ಹಡಗು ಲಂಡನ್ನಿನಿಂದ ಮುಂಬಯಿಗೆ ಹೊರಟಿತ್ತು. ಅದರಲ್ಲಿ ಚಿನ್ನ, ಬೆಳ್ಳಿ, ಜೊತೆಗೆ ಇಂಗ್ಲೆಂಡಿನಲ್ಲಿ ಅಚ್ಚಾದ ನಿಜಾಮರ ನೋಟುಗಳ ಕಟ್ಟುಗಳು. ಫ್ರಾನ್ಸಿನ ಕರಾವಳಿಯ ಮಂಜಿನಲ್ಲಿ ಇನ್ನೊಂದು ಹಡಗು ಗುದ್ದಿ 'ಈಜಿಪ್ಟ್' ಮುಳುಗಿತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಸುಮಾರು ಹತ್ತು ವರ್ಷಗಳ ನಂತರ ಇಟಲಿಯ ಮುಳುಗುಗಾರರು ಚಿನ್ನಕ್ಕಾಗಿ ಆ ಆಳಕ್ಕೆ ಇಳಿದಾಗ ಹಡಗಿನ ಭದ್ರಕೋಣೆಯಿಂದ ಈ ನೋಟುಗಳೂ ಮೇಲೆ ಬಂದವು. ಕಾಗದ ಹಾಳಾಗಿರಲಿಲ್ಲ, ಅಕ್ಷರ ಅಳಿಸಿರಲಿಲ್ಲ. ಆದರೆ ಅವಕ್ಕೆ ಸಹಿ ಬಿದ್ದಿರಲಿಲ್ಲ, ಹೈದರಾಬಾದಿಗೆ ತಲುಪಿದ ಮೇಲೆ ಬೀಳಬೇಕಿತ್ತು. ಹಾಗಾಗಿ ಅವು ಹಣವೇ ಅಲ್ಲ. ಕನ್ನಡದ ಅಂಕಿ ಇತ್ತು, ಉರ್ದುವಿನ ವಾಕ್ಯ ಇತ್ತು, ಹೇಳುವ ಬಾಯಿ ಇರಲಿಲ್ಲ. ಈಗ ಸಂಗ್ರಾಹಕರು ಅವನ್ನು ಒಳ್ಳೆಯ ಬೆಲೆಗೆ ಕೊಳ್ಳುತ್ತಾರೆ.

ಸಹಿಗಳ ವಿಷಯಕ್ಕೆ ಬಂದರೆ, ಹೈದರಾಬಾದಿನ ನೋಟುಗಳನ್ನು ಸಹಿಗಳ ಕ್ರಮದಲ್ಲಿ ಜೋಡಿಸಿ ಓದಿದರೆ ಸಾಕು, ಇತಿಹಾಸದ ಪುಸ್ತಕ ಬೇಡ ಅನ್ನಿಸುತ್ತದೆ. ಸಂಸ್ಥಾನದ ಹಣಕಾಸು ನೋಡಿಕೊಂಡವರು ಸಹಿ ಹಾಕುತ್ತಿದ್ದರು. ಮೊದಲಿನ ಹೆಸರುಗಳಲ್ಲಿ ಅಕ್ಬರ್ ಹೈದರಿ ಇದ್ದಾರೆ, ಮುಂದೆ ಸಂಸ್ಥಾನದ ಪ್ರಧಾನಿಯಾದವರು. 1940ರ ದಶಕಕ್ಕೆ ಬಂದರೆ ಗುಲಾಂ ಮುಹಮ್ಮದ್, ಜಾಹಿದ್ ಹುಸೇನ್. ಗುಲಾಂ ಮುಹಮ್ಮದ್ ಮುಂದೆ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿ, ಆಮೇಲೆ ಗವರ್ನರ್ ಜನರಲ್ ಆದರು. ಜಾಹಿದ್ ಹುಸೇನ್ ಪಾಕಿಸ್ತಾನದ ಸ್ಟೇಟ್ ಬ್ಯಾಂಕಿನ ಮೊದಲ ಗವರ್ನರ್. ಅಂದರೆ ರಾಯಚೂರಿನ ಹತ್ತಿ ವ್ಯಾಪಾರಿಯ ಪೆಟ್ಟಿಗೆಯಲ್ಲಿದ್ದ ನೋಟಿಗೆ ಮಾತು ಕೊಟ್ಟವರು ಇನ್ನೊಂದು ದೇಶದ ನೋಟಿಗೆ ಮಾತು ಕೊಡಲು ಹೊರಟುಹೋಗಿದ್ದರು.

1947ರ ನವೆಂಬರಿನಲ್ಲಿ ನಿಜಾಮರಿಗೂ ಭಾರತ ಸರ್ಕಾರಕ್ಕೂ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಮಸಿ ಆರುವ ಮೊದಲೇ ಸಂಸ್ಥಾನ ಒಂದು ಸುಗ್ರೀವಾಜ್ಞೆ ಹೊರಡಿಸಿ, ಭಾರತದ ರೂಪಾಯಿ ತನ್ನ ಗಡಿಯೊಳಗೆ ಕಾನೂನುಬದ್ಧ ನಾಣ್ಯವಲ್ಲ ಎಂದಿತು. ದೆಹಲಿ ಮತ್ತೆ ಮತ್ತೆ ಎತ್ತಿದ ತಕರಾರುಗಳಲ್ಲಿ ಇದೂ ಒಂದು. ನನಗೆ ಕುತೂಹಲ ಹುಟ್ಟಿಸುವುದು ದೆಹಲಿಯ ತಕರಾರಿಗಿಂತ ಗಡಿಯ ಹಳ್ಳಿಯ ಪಾಡು. ತಲೆಮಾರುಗಳಿಂದ ಎರಡು ಹಣಗಳ ನಡುವೆ ಬದುಕಿದ ಜನಕ್ಕೆ ಈಗ ಒಂದು ಹಣ ರಾಜದ್ರೋಹದ ಗುರುತು, ಇನ್ನೊಂದು ರಾಜನಿಷ್ಠೆಯ ಗುರುತು. ಜೇಬಿನಲ್ಲಿ ಕಲ್ದಾರ್ ಸಿಕ್ಕರೆ ನೀನು ಗಡಿಯಾಚೆಯ ಶಿಬಿರದವನೋ ಎಂಬ ಪ್ರಶ್ನೆ. ಶಿಬಿರದಲ್ಲಿ ಹಾಲಿ ಸಿಕ್ಕರೆ ಇನ್ನೊಂದು ಪ್ರಶ್ನೆ. ಮುಂಡರಗಿಯಂಥ ಗಡಿ ಶಿಬಿರಗಳಿಂದ ಸ್ಟೇಟ್ ಕಾಂಗ್ರೆಸ್ಸಿನವರು ಒಳನುಗ್ಗಿ ಹೊಡೆದು ಬರುತ್ತಿದ್ದರು, ಒಳಗೆ ರಜಾಕಾರರ ಹಾವಳಿ. 1948ರ ಜನವರಿಯಲ್ಲಿ ನಾಂದೇಡ ಕಡೆಯ ಉಮರಿಯಲ್ಲಿ ಹೋರಾಟಗಾರರು ಬ್ಯಾಂಕನ್ನೇ ಲೂಟಿ ಮಾಡಿದರು, ಆ ಹಣ ಹೋರಾಟದ ವೆಚ್ಚಕ್ಕೆ ಹೋಯಿತು. ಸರ್ಕಾರವನ್ನು ಒಪ್ಪದವರಿಗೂ ಹಣ ಬೇಕಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು, ಐದು ದಿನಕ್ಕೆ ಮುಗಿಯಿತು. ಆಮೇಲೆ ಬೀದರ್, ಗುಲಬರ್ಗಾ, ಉಸ್ಮಾನಾಬಾದ್, ನಾಂದೇಡಗಳಲ್ಲಿ ಮುಸ್ಲಿಮರ ಮೇಲೆ ನಡೆದದ್ದನ್ನು ಸುಂದರಲಾಲ್ ಸಮಿತಿ ಬರೆದಿಟ್ಟಿತು. ಆ ವರದಿ ಬಹುಕಾಲ ಬೆಳಕಿಗೆ ಬರಲಿಲ್ಲ. ವಿಮೋಚನೆ ಎನ್ನುವವರು, ಪೊಲೀಸ್ ಕಾರ್ಯಾಚರಣೆ ಎನ್ನುವವರು, ಪತನ ಎನ್ನುವವರು ಮೂವರೂ ಒಂದೇ ವಾರದ ಬಗ್ಗೆ ಮಾತಾಡುತ್ತಿರುತ್ತಾರೆ.

ಇಷ್ಟೆಲ್ಲ ಆದರೂ ನೋಟು ಸಾಯಲಿಲ್ಲ ಎಂಬುದು ನನ್ನ ಓದಿಗೆ ಮುಖ್ಯ. ಹಾಲಿ ಸಿಕ್ಕಾ ಸಂಸ್ಥಾನ ಹೋದ ಮೇಲೂ ಕೆಲವು ವರ್ಷ ನಡೆಯಿತು, 1950ರ ದಶಕದಲ್ಲಿ ಮೆಲ್ಲಗೆ ಹಿಂದೆ ಸರಿಯಿತು. ಆ ಕೊನೆಯ ಕಾಲದ ನೋಟುಗಳಲ್ಲಿ ಒಂದು ಸಹಿ ಡಾ. ಜಿ. ಎಸ್. ಮೇಲ್ಕೋಟೆ ಅವರದು. ಸ್ಟೇಟ್ ಕಾಂಗ್ರೆಸ್ಸಿನವರು, ನಿಜಾಮರ ಆಡಳಿತದ ವಿರುದ್ಧ ಹೋರಾಡಿದವರು, 1952ರಲ್ಲಿ ಬೂರ್ಗುಲ ರಾಮಕೃಷ್ಣರಾಯರ ಮಂತ್ರಿಮಂಡಲದಲ್ಲಿ ಹಣಕಾಸು ಮಂತ್ರಿ. ನಡುವಿನ ಉರ್ದು ಅದೇ, ಕನ್ನಡದ ಅಂಕಿ ಅದೇ. ಯಾವ ಸರ್ಕಾರವನ್ನು ಕಿತ್ತೊಗೆಯಲು ಹೋರಾಡಿದರೋ ಅದರ ಮಾತನ್ನು ಈಗ ತನ್ನದೆಂದು ಒಪ್ಪಿ ಒಬ್ಬ ಹೋರಾಟಗಾರ ಸಹಿ ಹಾಕುತ್ತಾನೆ. ಇದರಲ್ಲಿ ವ್ಯಂಗ್ಯ ಹುಡುಕುವುದು ಸುಲಭ. ಆದರೆ ಬೀದರಿನ ಕೂಲಿಯವನ ಕೈಯಲ್ಲಿದ್ದ ನೋಟಿನ ದೃಷ್ಟಿಯಿಂದ ನೋಡಿದರೆ, ಅಷ್ಟು ವರ್ಷಗಳ ಇತಿಹಾಸದಲ್ಲಿ ಅವನ ಪರವಾಗಿ ನಡೆದ ಅತ್ಯಂತ ಸಭ್ಯ ಕೆಲಸ ಅದು ಎಂದು ನನಗೆ ಅನ್ನಿಸುತ್ತದೆ.

ಎಲ್ಲ ಕಡೆ ಹೀಗೆ ಆಗುವುದಿಲ್ಲ. 1884ರಲ್ಲಿ ಸುಡಾನಿನ ಖಾರ್ಟೂಮ್ ಮುತ್ತಿಗೆಗೆ ಸಿಕ್ಕಾಗ ಜನರಲ್ ಗಾರ್ಡನ್ ತಾನೇ ನೋಟು ಹೊರಡಿಸಿದ. ಆರು ತಿಂಗಳ ಮೇಲೆ ಖಾರ್ಟೂಮಿನಲ್ಲೋ ಕೈರೋದಲ್ಲೋ ಖಜಾನೆ ಹಣ ಕೊಡುತ್ತದೆ ಎಂಬುದು ಮಾತು. ಸಾವಿರಾರು ನೋಟುಗಳಿಗೆ ಕೈಯಾರೆ ಸಹಿ ಹಾಕಿದ. ಮರುವರ್ಷದ ಜನವರಿಯಲ್ಲಿ ನಗರ ಬಿತ್ತು, ಅವನೂ ಸತ್ತ. ರಷ್ಯಾದ ಅಂತರ್ಯುದ್ಧದ ಕಾಲಕ್ಕೆ ಊರಿಗೊಂದು, ಸೇನೆಗೊಂದು ನೋಟು. ಖಿವಾದ ಕಡೆ ರೇಷ್ಮೆ ಬಟ್ಟೆಯ ಮೇಲೂ ಹಣ ಅಚ್ಚಾಯಿತು. ಅವುಗಳಲ್ಲಿ ನನಗೆ ಪ್ರಿಯವಾದ ಪಠ್ಯ ಬೋಲ್ಷೆವಿಕರ 1919ರದು. ಜಗತ್ತಿನ ಕಾರ್ಮಿಕರೇ ಒಂದಾಗಿ ಎಂಬ ಘೋಷಣೆ ಅದರಲ್ಲಿ ಏಳು ಭಾಷೆಗಳಲ್ಲಿ ಇದೆ, ಚೀನೀ ಮತ್ತು ಅರಬ್ಬಿ ಸೇರಿ. ಹೈದರಾಬಾದಿನ ನೋಟಿಗೆ ಪೂರ್ತಿ ಉಲ್ಟಾ: ಇಲ್ಲಿ ಸಂಖ್ಯೆಗೆ ಅನೇಕ ಭಾಷೆ, ಅಲ್ಲಿ ಮಾತಿಗೆ ಅನೇಕ ಭಾಷೆ. ಆದರೆ ಆ ಏಳು ಭಾಷೆಗಳ ಮಾತು ವಾಗ್ದಾನವಲ್ಲ, ಕರೆ. ಹಣದ ಆಧಾರವನ್ನು ಹೇಳುವ ಸಾಲು, ಗಣರಾಜ್ಯದ ಸಮಸ್ತ ಸಂಪತ್ತೂ ಇದಕ್ಕೆ ಭದ್ರತೆ ಎಂಬುದು, ರಷ್ಯನ್ನಿನಲ್ಲಷ್ಟೇ. ನಿಜಾಮರ ಗುಮಾಸ್ತನೂ ಲೆನಿನ್ನನ ಗುಮಾಸ್ತನೂ ಈ ಒಂದು ವಿಷಯದಲ್ಲಿ ಒಂದೇ ಶಾಲೆಯವರು.

ಮೆಕ್ಸಿಕೋ ಕ್ರಾಂತಿಯಲ್ಲಿ ಪಾಂಚೋ ವಿಯಾನ ಕಡೆಯವರು ಹೊರಡಿಸಿದ ನೋಟುಗಳಿಗೆ ಜನ ಹಾಸಿಗೆಯ ಚಾದರ ಎಂಬರ್ಥದ ಹೆಸರಿಟ್ಟರು. ಹಾಲಿ, ಕಲ್ದಾರ್, ಚಾದರ. ವಾಕ್ಯದಲ್ಲಿ ಪಾಲು ಸಿಗದ ಓದುಗ ಹೆಸರಿಡುವ ಹಕ್ಕನ್ನಾದರೂ ಬಿಡುವುದಿಲ್ಲ. ಚಿನುವಾ ಅಚಿಬೆಯ 'ಸಿವಿಲ್ ಪೀಸ್' ಎಂಬ ಸಣ್ಣಕತೆ ನನಗೆ ಅರ್ಥವಾದದ್ದು ಈ ದಾರಿಯಿಂದ.

ನೈಜೀರಿಯಾದಿಂದ ಬೇರೆಯಾದ ಬಿಯಾಫ್ರಾ 1968ರಲ್ಲಿ ತನ್ನದೇ ನೋಟು ತಂದಿತು. ನೈಜೀರಿಯಾ ಹಳೆಯ ನೋಟುಗಳನ್ನು ಬದಲಿಸಿದ್ದರಿಂದ ಅವಸರದಲ್ಲಿ ಮಾಡಬೇಕಾಯಿತು. 1970ರ ಜನವರಿಯಲ್ಲಿ ಯುದ್ಧ ಮುಗಿದಾಗ ಆ ಹಣ ಕಾಗದವಾಯಿತು. ಅಚಿಬೆಯ ಕತೆಯ ಜೊನಾಥನ್ ತನ್ನಲ್ಲಿದ್ದ ಬಂಡುಕೋರರ ಹಣವನ್ನು ಒಪ್ಪಿಸಿ ಸರ್ಕಾರದಿಂದ ಇಪ್ಪತ್ತು ಪೌಂಡು ಪಡೆಯುತ್ತಾನೆ. ಇದು ವಿನಿಮಯವಲ್ಲ, ಕೃಪೆ, 'ಎಕ್ಸ್ ಗ್ರೇಷಿಯಾ'. ಲ್ಯಾಟಿನ್ನಿನ ಆ ಪದ ನಾಲಿಗೆಗೆ ಒಗ್ಗದ ಜನ ಅದನ್ನು 'ಎಗ್ ರ್‍ಯಾಷರ್' ಮಾಡುತ್ತಾರೆ, ಬೆಳಗಿನ ತಿಂಡಿಯ ಮೊಟ್ಟೆಯ ಹೆಸರಿನಂತೆ. ರಾತ್ರಿ ಕಳ್ಳರು ಬಂದು ಆ ಇಪ್ಪತ್ತನ್ನೂ ಒಯ್ಯುತ್ತಾರೆ. ಬೆಳಿಗ್ಗೆ ಅವನು ಏನೂ ಆಗದವನಂತೆ ಕೆಲಸಕ್ಕೆ ಹೊರಡುತ್ತಾನೆ. ನಮ್ಮ ಇಂಗ್ಲಿಷ್ ತರಗತಿಗಳಲ್ಲಿ ಈ ಕತೆಯನ್ನು ಆಶಾವಾದದ ಕತೆಯೆಂದು ಪಾಠ ಮಾಡುವುದುಂಟು: ಏನು ಕಳೆದರೂ ಎದೆಗುಂದದ ಮನುಷ್ಯ, ಇತ್ಯಾದಿ. ನನಗೆ ಆ ಓದು ತೆಳು ಅನ್ನಿಸುತ್ತದೆ.

ಇಡೀ ಕತೆಯಲ್ಲಿ ಜೊನಾಥನ್ನನ ಮಾತನ್ನು ಮಾತೆಂದು ನಂಬುವುದು ಯಾರು ಎಂದು ಕೇಳಿ ನೋಡಿ. ಸರ್ಕಾರ ಅವನು ಒಪ್ಪಿಸಿದ್ದೆಷ್ಟು ಎಂದು ನೋಡುವುದಿಲ್ಲ, ತಲೆಗೆ ಇಪ್ಪತ್ತು ಎಂದು ಎಣಿಸಿ ಕೊಡುತ್ತದೆ. ಕೂಗಿಕೊಂಡರೂ ನೆರೆಯವರು ಬಾಗಿಲು ತೆಗೆಯುವುದಿಲ್ಲ, ಪೊಲೀಸರು ಬರುವುದಿಲ್ಲ. ಕಳ್ಳರು ನೂರು ಪೌಂಡು ಕೇಳಿದಾಗ ಅವನು, ದೇವರಾಣೆ, ಇರುವುದು ಇಪ್ಪತ್ತೇ ಎನ್ನುತ್ತಾನೆ. ಹಿಂದೆ ನಿಂತ ಕಳ್ಳರು ಒಳಗೆ ನುಗ್ಗಿ ಹುಡುಕೋಣ ಎನ್ನುತ್ತಾರೆ. ಅವರ ನಾಯಕ ಅವರನ್ನು ಗದರಿಸಿ ಸುಮ್ಮನಾಗಿಸಿ, ಆ ಮಾತನ್ನು ಒಪ್ಪಿ, ಇಪ್ಪತ್ತು ತೆಗೆದುಕೊಂಡು ಹೋಗುತ್ತಾನೆ. ಮಾತಿನ ಮೇಲೆ ವ್ಯವಹಾರ ನಡೆದದ್ದು ಅಲ್ಲೊಂದೇ ಕಡೆ. ನಮ್ಮ ಗೋವಿನ ಹಾಡಿನಲ್ಲಿಯೂ ಪುಣ್ಯಕೋಟಿಗೆ ಸಾಲ ಕೊಟ್ಟದ್ದು ಹುಲಿ. ಹಸುವಿನ ಸತ್ಯವನ್ನು ಹೊಗಳುವ ಭರದಲ್ಲಿ ಹುಲಿ ತೆಗೆದುಕೊಂಡ ನಷ್ಟದ ಸಾಧ್ಯತೆಯನ್ನು ನಾವು ಗಮನಿಸಿಲ್ಲ. ಅಚಿಬೆಯ ಕಳ್ಳನಾಯಕ ಆ ಹುಲಿಯ ದೂರದ ನೆಂಟ.

ಕನ್ನಡದಲ್ಲಿ ಇದರ ಸಮಕ್ಕೆ ನಿಲ್ಲುವುದು ಯಾವುದು ಎಂದು ಕೇಳಿದರೆ ನಾನು ಕಾರಂತರ 'ಚೋಮನ ದುಡಿ'ಯನ್ನು ಹೇಳುತ್ತೇನೆ. ಅಲ್ಲಿ ಯುದ್ಧವಿಲ್ಲ, ನೋಟಿಲ್ಲ. ಇರುವುದು ಕಾಫಿ ತೋಟದ ಸಾಲ, ತೋಟದ ಲೆಕ್ಕದ ಪುಸ್ತಕ. ಚೋಮ ಅದನ್ನು ಓದಲಾರ. ಸಾಲ ತೀರಿಸಲು ಗಂಡುಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ಜ್ವರದಲ್ಲಿ ಸಾಯುತ್ತಾನೆ, ಇನ್ನೊಬ್ಬ ಮತಾಂತರವಾಗಿ ಅಲ್ಲೇ ಉಳಿಯುತ್ತಾನೆ. ಕೊನೆಗೆ ಬೆಳ್ಳಿ ಹೋಗುತ್ತಾಳೆ. ಅವಳ ದೇಹದ ಬೆಲೆಗೆ ಪುಸ್ತಕದಲ್ಲೊಂದು ಗೆರೆ ಎಳೆದು ಸಾಲ ಹೊಡೆದುಹಾಕಲಾಗುತ್ತದೆ. ಚೋಮನಿಗೆ ಮೊತ್ತ ಗೊತ್ತು. ಅದನ್ನು ಹೆಚ್ಚಿಸುವ, ಇಳಿಸುವ, ಅಳಿಸುವ ಭಾಷೆ ಬೇರೆಯವರದು. ಕಾದಂಬರಿಯ ದುರಂತವನ್ನು ಭೂಮಿಯ ಆಸೆಯ ಸುತ್ತ ಓದುವುದು ನಮಗೆ ಅಭ್ಯಾಸವಾಗಿದೆ, ಅದು ತಪ್ಪಲ್ಲ. ಆದರೆ ಕಾರಂತರು ಆ ಲೆಕ್ಕದ ಪುಸ್ತಕವನ್ನು ಇಟ್ಟಿರುವ ಜಾಗವನ್ನು ಮತ್ತೊಮ್ಮೆ ನೋಡಬೇಕು. ಮನೆಯ ಒಬ್ಬೊಬ್ಬರನ್ನೂ ಅದು ತನ್ನ ಕಡೆ ಎಳೆದುಕೊಳ್ಳುತ್ತದೆ.

ನಾನು ಇದನ್ನು ಬರೆಯುತ್ತಿರುವುದು ಬ್ಯಾಕೋಡಿನಲ್ಲಿ ಕೂತು. ಇಲ್ಲಿ ನಿಜಾಮರೂ ಇರಲಿಲ್ಲ, ಹಾಲಿಯೂ ನಡೆದಿಲ್ಲ. ಆದರೆ ಕಾಗದದ ಮೇಲಿನ ಮಾತಿನ ವಿಷಯದಲ್ಲಿ ಸಾಗರ ಸೀಮೆ ಸಾಕಷ್ಟು ಪಳಗಿದೆ. ಅಡಿಕೆ ಮಂಡಿಯವರು ಬರೆದುಕೊಟ್ಟ ಚೀಟಿಯನ್ನು ಪೇಟೆಯ ಜವಳಿ ಅಂಗಡಿಗೆ ಒಯ್ದು ಮದುವೆಯ ಬಟ್ಟೆ ತಂದವರು ನಮ್ಮ ಹಿರಿಯರಲ್ಲಿ ಇದ್ದಾರೆ. ಬಸ್ಸಿನಲ್ಲಿ ಕಂಡಕ್ಟರು ಟಿಕೆಟಿನ ಹಿಂದೆ ಬರೆದುಕೊಡುವ ಬಾಕಿ ಚಿಲ್ಲರೆ ಎಲ್ಲರಿಗೂ ಗೊತ್ತು. ಅಂಕಿ, ಅದರ ಸುತ್ತ ಒಂದು ಸೊನ್ನೆ, ಅಷ್ಟೇ. ಸಹಿ ಇಲ್ಲ, ವಾಕ್ಯವಿಲ್ಲ. ಇಳಿಯುವ ಮೊದಲು ಕೇಳಿ ಪಡೆಯಬೇಕು, ಇಳಿದ ಮೇಲೆ ಅದು ಕಸ. ಅಲ್ಲಿ ವಾಕ್ಯ ಬೇಕಾಗುವುದೂ ಇಲ್ಲ, ಕಂಡಕ್ಟರು ಕಣ್ಣೆದುರೇ ಇದ್ದಾನೆ. ವಾಕ್ಯ ಬೇಕಾಗುವುದು ಮಾತು ಕೊಟ್ಟವನು ದೂರ ಇದ್ದಾಗ. ಯಾರಿಂದ ಸರ್ಕಾರ ಅತ್ಯಂತ ದೂರದಲ್ಲಿದೆಯೋ ಅವರ ಭಾಷೆಗೇ ವಾಕ್ಯ ಸಿಗದೆ ಬರೀ ಅಂಕಿ ಸಿಗುವುದು ಏಕೆ ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಅಂಕಿಯಾದರೂ ನಮ್ಮದೇ ಎಂದು ಸಮಾಧಾನ ಪಡುವಂತಿಲ್ಲ. ಇದೇ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳ ಇದ್ದದ್ದು ಕೊಳಗದ ಮೇಲೆ. ಇಷ್ಟು ಕೊಳಗ ಭತ್ತ ಎಂಬ ಸಂಖ್ಯೆಯಲ್ಲಿ ಯಾರಿಗೂ ತಕರಾರಿರಲಿಲ್ಲ. ಅಳೆಯುವ ಕೊಳಗ ಒಡೆಯರ ಮನೆಯದು, ನ್ಯಾಯದ ಕೊಳಗಕ್ಕಿಂತ ದೊಡ್ಡದು. ಸಂಖ್ಯೆ ಗೇಣಿದಾರನ ಬಾಯಲ್ಲಿತ್ತು, ಅದರ ಗಾತ್ರ ಇನ್ನೊಬ್ಬರ ಕೈಯಲ್ಲಿತ್ತು. ಎಚ್. ಗಣಪತಿಯಪ್ಪನವರ ಆ ಹೋರಾಟಕ್ಕೆ ಲೋಹಿಯಾ ಬಂದು ಜೈಲಿಗೆ ಹೋದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಕೊಳಗದ ವಿಷಯ ಅಡಿಟಿಪ್ಪಣಿಯಾಗುತ್ತದೆ.

ಇನ್ನು ಮುಳುಗಡೆಯ ಕಾಗದಗಳು. ಶರಾವತಿಗೆ ಮೊದಲು ಹಿರೇಭಾಸ್ಕರ, ಆಮೇಲೆ 1964ರಲ್ಲಿ ಲಿಂಗನಮಕ್ಕಿ. ಈ ಹಿನ್ನೀರಿನ ಎರಡೂ ದಂಡೆಗಳಲ್ಲಿ ಟ್ರಂಕಿನ ತಳದಲ್ಲಿ ಸರ್ಕಾರದ ಕಾಗದ ಇರುವ ಮನೆಗಳಿವೆ. ಪರಿಹಾರದ ಆದೇಶ, ಬದಲಿ ಜಮೀನಿನ ಪತ್ರ, ಅರ್ಜಿಯ ನಕಲು. ಕೆಲವಕ್ಕೆ ನಾಡಕಚೇರಿಯ ಮೊಹರು, ಕೆಲವಕ್ಕೆ ಆಗಲೇ ತೀರಿಕೊಂಡ ಅಧಿಕಾರಿಗಳ ಸಹಿ. ಜಮೀನು ಕಾಡಿನ ದಾಖಲೆಯಲ್ಲೇ ಉಳಿದದ್ದರಿಂದ ಅನೇಕರಿಗೆ ಹಕ್ಕುಪತ್ರ ಹಕ್ಕಾಗಲಿಲ್ಲ. ರಾಜ್ಯ ಸರ್ಕಾರ ಅದನ್ನು ಕಾಡಿನಿಂದ ಬಿಡಿಸಿ ಹೊರಡಿಸಿದ ಅಧಿಸೂಚನೆಗಳನ್ನು, ಕೇಂದ್ರದ ಒಪ್ಪಿಗೆ ಪಡೆದಿಲ್ಲವೆಂಬ ಕಾರಣಕ್ಕೆ, 2021ರಲ್ಲಿ ಹೈಕೋರ್ಟು ರದ್ದು ಮಾಡಿತು. ಈ ಕಾಗದಗಳು ಪೂರ್ತಿ ಕನ್ನಡದಲ್ಲಿವೆ. ವಾಕ್ಯ, ಅಂಕಿ, ಸಹಿ ಎಲ್ಲ ಕನ್ನಡ. ಹಾಗಾಗಿ ಮಾತು ನಮ್ಮ ಭಾಷೆಯಲ್ಲಿದ್ದರೆ ಸಾಕು ಎನ್ನುವ ವಾದ ನನ್ನದಲ್ಲ. ಮೇಲ್ಕೋಟೆಯವರು ಹಾಲಿ ನೋಟಿಗೆ ಮಾಡಿದ್ದನ್ನು, ಅಂದರೆ ಹಿಂದಿನವರ ಮಾತಿನ ಕೆಳಗೆ ತಾನು ಸಹಿ ಹಾಕಿ ನಡೆಸಿಕೊಡುವುದನ್ನು, ಈ ಕಾಗದಗಳಿಗೆ ಯಾರೂ ಮಾಡಿಲ್ಲ ಎಂಬುದಷ್ಟೇ ನಾನು ಹೇಳುವುದು. ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಬರೆದಾಗ ನೀರು ಏರುವ ಭಯ ಇನ್ನೂ ಹಸಿಯಾಗಿತ್ತು. ಈಗ ಬರೆಯುವವರು ಆ ಟ್ರಂಕಿನ ಕಾಗದಗಳನ್ನು ತೆಗೆದು, ನೋಟನ್ನು ಓದುವಷ್ಟು ಹತ್ತಿರದಿಂದ ಓದಬೇಕಾಗಿದೆ.

ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2025ರ ಜುಲೈನಲ್ಲಿ ಸೇತುವೆ ಬಂತು, ಲಾಂಚಿಗೆ ಕಾಯುವುದು ತಪ್ಪಿತು. ಅಂಗಡಿಗಳಲ್ಲಿ ಹಣ ಬಂದುದನ್ನು ಕೂಗಿ ಹೇಳುವ ಸಣ್ಣ ಪೆಟ್ಟಿಗೆಗಳೂ ಬಂದಿವೆ. ಇಷ್ಟು ರೂಪಾಯಿ ಬಂದಿದೆ ಎಂದು ಅವು ಕನ್ನಡದಲ್ಲೇ ಹೇಳುತ್ತವೆ. ಮೊತ್ತವನ್ನು ಮಾತ್ರ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೆ, ಇಲ್ಲಿ ಅದು ಹೋಗುವುದು ಸುದ್ದಿಯೇ ಅಲ್ಲ, ಪೆಟ್ಟಿಗೆ ಸುಮ್ಮನಾಗುತ್ತದೆ. ಆಗ ಅಂಗಡಿಯವರು ಬಿಸ್ಕತ್ತಿನ ರಟ್ಟನ್ನು ಹರಿದು, ಪೆನ್ಸಿಲಿನಲ್ಲಿ ಹೆಸರು ಮತ್ತು ಅಂಕಿ ಬರೆದು, ಗಲ್ಲದ ಪಕ್ಕದ ಮೊಳೆಗೆ ಚುಚ್ಚುತ್ತಾರೆ. ಕೊಟ್ಟ ದಿನ ಒಂದು ಗೆರೆ ಎಳೆದು ರಟ್ಟನ್ನು ಒಲೆಗೆ ಹಾಕುತ್ತಾರೆ.